ಕೂಸು ಬದುಕುವಷ್ಟು ಶಾಖ

"ಆ ಪ್ಲಗ್ಗಿಗೆ ಕೈ ಹಚ್ಚಬ್ಯಾಡ್ರಿ."

ಬಾಗಿಲ ಕಡೆಯಿಂದ ಬಂದ ದನಿ ಜೋರಾಗಿರಲಿಲ್ಲ. ಆದರೂ ನಾಗಲಿಂಗನ ಕೈ ಅಲ್ಲೇ ನಿಂತಿತು.

ತಿರುಗಿ ನೋಡಿದ. ಬಿಳಿ ಸೀರೆಯ ನರ್ಸ್ ಒಬ್ಬಳು ಉಣ್ಣೆಯ ಗಂಟೊಂದನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಗಂಟಿನೊಳಗಿಂದ ಹೆಬ್ಬೆರಳಿನಷ್ಟು ಉದ್ದದ ಒಂದು ಪಾದ ಹೊರಗೆ ಇಣುಕುತ್ತಿತ್ತು. ಆಕೆ ಅದನ್ನು ಮೆಲ್ಲಗೆ ಒಳಗೆ ಸರಿಸಿದಳು. ಕಣ್ಣು ಮಾತ್ರ ಅವನ ಕೈಯ ಮೇಲೇ ಇತ್ತು.

"ನಾ ಕಳ್ಳ ಅಲ್ರಿ," ಅಂದ ನಾಗಲಿಂಗ. "ಬೆಳಗಾವಿ ಉದ್ಯಮಬಾಗದಿಂದ ಬಂದೀನಿ. ಅಕ್ಕವ್ವ ಸ್ಮಾರಕ ಟ್ರಸ್ಟಿನಿಂದ. ಈ ಯಂತ್ರ ಕೊಟ್ಟವರು ನಾವs."

ಆಕೆಯ ಮುಖದಲ್ಲಿದ್ದ ಬಣ್ಣ ಇಳಿದುಹೋಯಿತು. ಅದು ಅವನಿಗೆ ಕಾಣಿಸಿತು. ಯಾಕೆಂದು ತಿಳಿಯಲಿಲ್ಲ.

೧೯೮೨ರ ಡಿಸೆಂಬರ್ ತಿಂಗಳು. ಖಾನಾಪುರದ ಮಾತೃಸೇವಾ ಮಂಡಳಿಯ ಹೆರಿಗೆ ಆಸ್ಪತ್ರೆ ಎಂದರೆ ಹನ್ನೆರಡು ಮಂಚಗಳ ಒಂದು ಹಂಚಿನ ಕಟ್ಟಡ. ಅದನ್ನು ಕಟ್ಟಿ ನಡೆಸುತ್ತಿದ್ದವರು ಡಾಕ್ಟರ್ ರಾಧಾಬಾಯಿ. ಕಾಡಂಚಿನ ಹಳ್ಳಿಗಳಿಂದ ಬಂಡಿಯಲ್ಲಿ, ಲಾರಿಯಲ್ಲಿ ಹೆಂಗಸರು ಅಲ್ಲಿಗೆ ಬರುತ್ತಿದ್ದರು. ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡಲೆಂದು ಟ್ರಸ್ಟು ಅಲ್ಲಿಗೊಂದು ಇನ್‌ಕ್ಯುಬೇಟರ್ ಕೊಟ್ಟಿತ್ತು. ಗಾಜಿನ ಗೋಡೆಗಳ ಅದನ್ನು ಎಲ್ಲರೂ ಕಾಜಿನ ಪೆಟ್ಟಿಗೆ ಎನ್ನುತ್ತಿದ್ದರು. ಈಗ ಅದರ ಮೇಲೆ ಹಳೇ ಶಾಲು ಹೊದಿಸಿತ್ತು. ಶಾಲಿನ ಮೇಲೆ ಮಡಚಿದ ಬಟ್ಟೆಗಳು.

ನಾಗಲಿಂಗ ಪೆಟ್ಟಿಗೆಗೆ ತೂಗುಹಾಕಿದ್ದ ಪುಸ್ತಕ ತೆರೆದ. "ಕಡೀಕ ಬರದದ್ದು ಏಪ್ರಿಲ್ ಹದಿನಾಲ್ಕು. ಎಂಟು ತಿಂಗಳಾತು. ಯಾಕ್ರಿ?"

"ಬಳಸಿಲ್ರಿ."

"ಅದನ್ನs ಕೇಳಾಕತ್ತೀನಿ. ಯಾಕ?"

ಆಕೆ ಗಂಟನ್ನು ಇನ್ನಷ್ಟು ಅವಚಿಕೊಂಡಳು.

"ಯಂತ್ರ ಕಂಡ್ರ ಅಂಜಿಕೀನು?" ಅಂದ. ಅಂದ ಮೇಲೆ, ಇಷ್ಟು ಒರಟಾಗಿ ಕೇಳಬಾರದಿತ್ತು ಅನ್ನಿಸಿತು.

"ಹೌದ್ರಿ. ಅಂಜಿಕಿ." ಆಕೆ ತಲೆ ಎತ್ತಿ ನೇರ ನೋಡಿದಳು. "ಹಂಗಂತನs ಬರಕೋರಿ. ನರ್ಸ್ ಗಂಗಾದೇವಿಗೆ ಯಂತ್ರ ಕಂಡ್ರ ಅಂಜಿಕಿ."

ಅಷ್ಟು ಹೇಳಿ ಗಂಟನ್ನು ಹೊತ್ತು ಒಳಗೆ ಹೋದಳು. ಒಳಕೋಣೆಯಲ್ಲಿ ತಾಯಂದಿರು ಕೂಸುಗಳನ್ನು ಸೀರೆಯೊಳಗೆ ಮೈಗೆ ಮೈ ತಾಗುವಂತೆ ಕಟ್ಟಿಕೊಂಡು ಮಲಗಿದ್ದರು. ಸುತ್ತ ಬಿಸಿನೀರಿನ ರಬ್ಬರ್ ಚೀಲಗಳು. ಬಾಗಿಲಾಚೆಯಿಂದ ಒಂದು ಕ್ಷಣ ಕಂಡದ್ದೇ ನಾಗಲಿಂಗ ನಾಚಿ ಹಿಂದೆ ಸರಿದ.

ಒಳಗೆ ಗಂಗಾದೇವಿ ಕೂಸನ್ನು ಅದರ ತಾಯಿಯ ಮಡಿಲಿಗೆ ಹಾಕಿದಳು. 'ಬರದಾ... ಈಗ ಎಲ್ಲಾ ಹೊರಗ ಬರತೈತಿ.'

* * *

ಅವನು ಮುಂದಿನ ಗುರುವಾರ ಮತ್ತೆ ಬಂದ. ವಿದ್ಯುತ್ತಿನ ಒತ್ತಡ ಅಳೆಯುವ ಮೀಟರನ್ನು ಪಡಸಾಲೆಯಲ್ಲಿಟ್ಟು, ಅರ್ಧ ಗಂಟೆಗೊಮ್ಮೆ ಬರೆದುಕೊಳ್ಳುತ್ತಾ ಕೂತ. ಆಸ್ಪತ್ರೆಯವರು ಏನೂ ಕೇಳದೆಯೇ ಆರು ಹೊಸ ಥರ್ಮಾಮೀಟರ್ ತಂದು ಮೇಜಿನ ಮೇಲಿಟ್ಟಿದ್ದ.

"ನಾ ಅವತ್ತ ಹಂಗ ಮಾತಾಡಬಾರದಿತ್ತು," ಅಂದ. "ತಪ್ಪಾತು."

ಗಂಗಾದೇವಿ ಇದನ್ನು ನಿರೀಕ್ಷಿಸಿರಲಿಲ್ಲ. "ಇರಲಿ ಬಿಡ್ರಿ. ಚಾ ತಗೋತೀರೇನು?"

ಅದರ ಮುಂದಿನ ಗುರುವಾರವೂ ಬಂದ.

ಊರಿಗೆಲ್ಲ ಆಕೆ ಸಿಸ್ಟರ್. ರೋಗಿಗಳಿಗೆ, ಅವರ ಗಂಡಂದಿರಿಗೆ, ಔಷಧಿ ಅಂಗಡಿಯವನಿಗೆ, ಬಸ್ ಕಂಡಕ್ಟರನಿಗೂ. ಇವನೊಬ್ಬ ಮಾತ್ರ ತಪ್ಪಿಯೂ ಹಾಗೆ ಕರೆಯುತ್ತಿರಲಿಲ್ಲ. "ಗಂಗಾದೇವಿ ಅವರs" ಅನ್ನುತ್ತಿದ್ದ. ಪೂರ್ತಿ ಹೆಸರು, ನಿಧಾನವಾಗಿ. ಅವನು ಯಾಕೆ ಸಿಸ್ಟರ್ ಅನ್ನುವುದಿಲ್ಲ ಎಂದು ಯೋಚಿಸಿದ ದಿನ ಗಂಗಾದೇವಿಗೆ ತನ್ನ ಮೇಲೇ ಸಿಟ್ಟು ಬಂತು. ಇಪ್ಪತ್ತಾರು ವಯಸ್ಸಿನಲ್ಲಿ ಇದೇನು ಹುಚ್ಚು...

ಮೂರನೇ ಗುರುವಾರ ಅವನು ಟ್ರಸ್ಟಿನ ಕಥೆ ಹೇಳಿದ.

"ನಮ್ಮ ಅಜ್ಜಿ ಅಕ್ಕವ್ವ. ಆಕಿಗೆ ದಿನಾ ತುಂಬದs ಮೂರು ಕೂಸು ಹುಟ್ಟಿದ್ವು. ಮೂರೂ ಥಂಡಿಗೆ ಹೋದ್ವು. ಮುಂದ ದೊಡ್ಡಪ್ಪ ಉದ್ಯಮಬಾಗದಾಗ ಫೌಂಡ್ರಿ ಹಾಕಿದಾಗ, ಭಟ್ಟಿ ನೋಡಾಕ ಕರಕೊಂಡು ಹೋಗಿದ್ವಿ. ಕೆಂಪಗ ಕರಗಿದ ಕಬ್ಬಿಣ ನೋಡಿ ಆಕಿ ಏನಂದ್ಲು ಗೊತ್ತನ್ರಿ? ಕಬ್ಬಿಣ ಕರಗೂವಷ್ಟು ಶಾಖ ಮಾಡತೀರಿ. ಕೂಸು ಬದುಕೂವಷ್ಟು ಶಾಖ ಮಾಡಾಕ ಬರೂದಿಲ್ಲನು ನಿಮಗ?"

ಗಂಗಾದೇವಿ ಕಪ್ಪನ್ನು ಮೇಜಿನ ಮೇಲಿಟ್ಟಳು.

"ಆಕಿ ಹೋದ ಮ್ಯಾಲೆ ದೊಡ್ಡಪ್ಪ ಟ್ರಸ್ಟ್ ಮಾಡಿದ್ರು. ಕಟ್ಟಡಕ್ಕ ಕೊಡವರು ಭಾಳ ಮಂದಿ ಅದಾರ, ನಾವು ಯಂತ್ರ ಕೊಡೂಣು ಅಂದ್ರು. ಕಿವುಡ ಮಕ್ಕಳ ಸಾಲಿಗೆ ಧ್ವನಿ ದೊಡ್ಡದು ಮಾಡೂ ಯಂತ್ರ, ಕಣ್ಣಿಲ್ಲದವರ ಸಂಸ್ಥೆಗೆ ಪಾಠ ಕೇಳಾಕ ಟೇಪ್ ರೆಕಾರ್ಡರ್... ಎಲ್ಲಾದಕಿಂತ ಮೊದಲು ಕೊಟ್ಟದ್ದು ಮಾತ್ರ ಈ ಕಾಜಿನ ಪೆಟ್ಟಿಗಿ. ನಾನs ಕೈಯಾರ ಜೋಡಿಸಿ ಕಳಿಸಿದ್ದೆ."

ಹೇಳುವಾಗ ಅವನ ಮುಖ ಬೆಳಗಿತ್ತು.

ಇವತ್ತು ಎಲ್ಲವನ್ನೂ ಹೇಳಿಬಿಡಬೇಕು ಎಂದು ಗಂಗಾದೇವಿ ನಿರ್ಧರಿಸಿಕೊಂಡು ಬಂದಿದ್ದಳು. ಆ ಮುಖ ನೋಡಿದ ಮೇಲೆ ಬಾಯಿ ಬರಲಿಲ್ಲ. 'ಇವನ ಅಜ್ಜಿಯ ಹೆಸರಿನ ಪೆಟ್ಟಿಗೆಯೊಳಗೆ ನಾನೊಂದು ಕೂಸನ್ನು ಕೊಲ್ಲುವುದರಲ್ಲಿದ್ದೆ ಎಂದು ಹೇಗೆ ಹೇಳಲಿ?'

* * *

ಜನವರಿ ಮೊದಲ ವಾರ ಟ್ರಸ್ಟಿನ ವ್ಯಾನು ಬಂದು ಪೆಟ್ಟಿಗೆಯನ್ನು ಕೊಂಡೊಯ್ದಿತು. ಮರುದಿನ ಟೈಪು ಮಾಡಿದ ಪತ್ರ ಬಂತು.

ರಾಧಾಬಾಯಿ ಕನ್ನಡಕ ಏರಿಸಿ ಓದಿದರು. ಶ್ರೀ ನಾಗಲಿಂಗ ಅವರ ವರದಿಯಂತೆ ಯಂತ್ರವು ಎಂಟು ತಿಂಗಳಿಂದ ನಿರುಪಯುಕ್ತವಾಗಿ ಬಿದ್ದಿದೆ. ಆದ್ದರಿಂದ ಅದನ್ನು ಬೇರೆ ಸಂಸ್ಥೆಗೆ ಕೊಡಲು ಯೋಚಿಸಲಾಗಿದೆ. ಸಂಬಂಧಪಟ್ಟ ನರ್ಸಿನಿಂದ ವಿವರಣೆ ಪಡೆದು ಕಳಿಸತಕ್ಕದ್ದು. ಕೆಳಗೆ ಅಧ್ಯಕ್ಷ ಗುರುಪುತ್ರಪ್ಪನವರ ಸಹಿ.

ಗಂಗಾದೇವಿ ಪತ್ರ ತೆಗೆದುಕೊಂಡು ಮೊದಲ ಸಾಲನ್ನೇ ಮತ್ತೆ ಓದಿದಳು.

ಶ್ರೀ ನಾಗಲಿಂಗ ಅವರ ವರದಿಯಂತೆ.

ಹಾಗಾದರೆ ಆ ಗುರುವಾರಗಳು? ಥರ್ಮಾಮೀಟರು, ಚಹಾ, ಅಜ್ಜಿಯ ಮಾತು... ಎದುರಿಗೆ ಕೂತು ನಗುತ್ತಿದ್ದವನು ಅತ್ತ ಇದನ್ನು ಬರೆಯುತ್ತಿದ್ದನೇ? ಅಂಜಿಕಿ ಅಂತ ಬರಕೋರಿ ಎಂದವಳು ತಾನೇ. ಅವನು ಬರೆದುಕೊಂಡಿದ್ದಾನೆ, ಅಷ್ಟೆ. ಆದರೂ ಎದೆಯಲ್ಲಿ ಏನೋ ಚುಚ್ಚಿ ಮುರಿದಂತಾಯಿತು.

"ಬಾಯಾರs, ನಾ ಬೆಳಗಾವಿಗೆ ಹೋಗಿ ಬರ್ತೀನ್ರಿ. ಬರೆದು ಕೊಡೂದಲ್ಲ. ಬಾಯಿಲೇ ಹೇಳಬೇಕು."

"ಏನು ಹೇಳಾಕಿ?"

ಎಂಟು ತಿಂಗಳಿಂದ ಮುಚ್ಚಿಟ್ಟಿದ್ದ ಮಾತು ಹೊರಬಿತ್ತು. ಏಪ್ರಿಲ್ ಹದಿನಾಲ್ಕರ ಮಧ್ಯಾಹ್ನ. ಬಾಣಂತಿ ಸಂಗವ್ವನ ಏಳು ತಿಂಗಳಿಗೇ ಹುಟ್ಟಿದ ಕೂಸು ಪೆಟ್ಟಿಗೆಯೊಳಗೆ ತಣ್ಣಗಿತ್ತು. ಗಂಗಾದೇವಿ ಶಾಖದ ಗುಂಡಿಯನ್ನು ಸ್ವಲ್ಪ ತಿರುವಿದಳು. ಅಷ್ಟರಲ್ಲಿ ಹೆರಿಗೆ ಕೋಣೆಯಿಂದ ಕರೆ ಬಂತು. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಪೆಟ್ಟಿಗೆ ಒಲೆಯಂತೆ ಕಾದಿತ್ತು. ಕೂಸಿನ ಮೈ ಕೆಂಡ. ಅಳುವುದಕ್ಕೂ ಅದಕ್ಕೆ ಶಕ್ತಿ ಇರಲಿಲ್ಲ. ಎತ್ತಿಕೊಂಡು ಓಡಿ, ಒದ್ದೆ ಬಟ್ಟೆ ಸುತ್ತಿ, ಹನಿಹನಿಯಾಗಿ ನೀರು ಕುಡಿಸಿ, ಎರಡು ದಿನ ಮಡಿಲಿನಿಂದ ಇಳಿಸದೆ... ಕೂಸು ಉಳಿಯಿತು. ಡಾಕ್ಟರಿಗೆ ಮಾತ್ರ ಜ್ವರ ಬಂದಿತ್ತು ಎಂದಷ್ಟೇ ಹೇಳಿದ್ದಳು.

"ಗುಂಡಿ ಹೆಚ್ಚು ತಿರುವಿಬಿಟ್ಟೆರಿ, ಬಾಯಾರs. ನನ್ನ ಕೈ. ನೀವು ಎಲ್ಲಾರ ಮುಂದ ಹೊಗಳೂ ಕೈ."

ರಾಧಾಬಾಯಿ ಕನ್ನಡಕ ತೆಗೆದಿಟ್ಟರು. ಆಕೆಯ ಆ ಕೈಯನ್ನೇ ಹಿಡಿದುಕೊಂಡು ಕೇಳಿದರು.

"ಎಂಟು ತಿಂಗಳಾ ಇದನ್ನ ಒಬ್ಬಾಕೀನs ಹೊತ್ತಿಯಾ, ಪೋರಿ?"

* * *

ಬೆಳಗಾವಿಯ ಟಿಳಕವಾಡಿಯಲ್ಲಿ ಗುರುಪುತ್ರಪ್ಪನವರ ಮನೆಯ ಮುಂದಿನ ಕೋಣೆಯೇ ಟ್ರಸ್ಟಿನ ಕಚೇರಿ. ಗೋಡೆಯ ತುಂಬ ಫೋಟೊಗಳು. ಪ್ರತಿಯೊಂದರಲ್ಲೂ ಒಂದು ಯಂತ್ರ, ಯಂತ್ರಕ್ಕೊಂದು ಹಾರ, ಬಾಜೂಕ್ಕೆ ನಿಂತ ಗುರುಪುತ್ರಪ್ಪ.

ಹಣೆಯ ತುಂಬ ವಿಭೂತಿ ಧರಿಸಿದ್ದ ಆ ಹಿರಿಯರು ಆಕೆಯನ್ನು ನೋಡಿ ಎದ್ದರು. "ಬಾ ತಂಗಿ, ಕುಂದರು. ನೀ ಯಾರು?"

"ನಾ ಖಾನಾಪುರದ ನರ್ಸ್ ಗಂಗಾದೇವಿರಿ. ನೀವು ವಿವರಣೆ ಕೇಳಿದ್ರಿ."

ಕೂರಲಿಲ್ಲ. ನಿಂತೇ ಹೇಳಿದಳು. ಒಂದು ಮಾತನ್ನೂ ಮುಚ್ಚಲಿಲ್ಲ.

"ಯಂತ್ರ ಚೊಲೋನs ಇತ್ರಿ. ನನ್ನ ಕೈಯಿಂದ ತಪ್ಪಾತು. ಅದನ್ನ ಹೇಳಾಕ ಧೈರ್ಯ ಬರಲಿಲ್ಲ. ನಮ್ಮ ಡಾಕ್ಟರಬಾಯಾರದು ಇದರಾಗ ಏನೂ ಇಲ್ಲ. ನನಗ ಏನು ಮಾಡ್ತೀರಿ ಮಾಡ್ರಿ, ಆದ್ರ ಪೆಟ್ಟಿಗಿ ಖಾನಾಪುರಕ್ಕs ವಾಪಸ್ ಕೊಡ್ರಿ. ಥಂಡಿ ಭಾಳ ಐತ್ರಿ. ಬ್ಯಾರೆ ಯಾರರ ಕಲಿತು ಬಳಸತಾರ."

ಗುರುಪುತ್ರಪ್ಪ ಕೊನೆಯವರೆಗೆ ಕೇಳಿದರು. ಮೇಜಿನ ಮೇಲಿದ್ದ ಫೋನೆತ್ತಿ ಫೌಂಡ್ರಿಗೆ ಹಚ್ಚಿದರು. "ನಾಗಲಿಂಗನ್ನ ಕಳಸ್ರಿ. ಕೈಯಾಗಿನ ಕೆಲಸ ಬಿಟ್ಟು ಬಾ ಅಂತ ಹೇಳ್ರಿ."

ಅವನು ಬರುವವರೆಗೆ ಗಂಗಾದೇವಿ ಗೋಡೆಯ ಫೋಟೊಗಳನ್ನು ನೋಡುತ್ತಾ ನಿಂತಿದ್ದಳು.

ನಾಗಲಿಂಗ ಬಂದ. ಅಂಗಿಯ ಮೇಲೆಲ್ಲ ಮಸಿ. ಆಕೆಯನ್ನು ಕಂಡು ಹೊಸ್ತಿಲಲ್ಲೇ ನಿಂತ. "ಗಂಗಾದೇವಿ ಅವರs, ನಾನs ಇವತ್ತ ನಿಮ್ಮಲ್ಲಿಗೆ ಬರಾವಿದ್ದೆ..."

"ನಿಮ್ಮ ವರದಿ ಓದೀನ್ರಿ," ಅಂದಳು. ದನಿ ತಣ್ಣಗಿತ್ತು.

"ವರದಿ? ಯಾವ ವರದಿ ಓದೀರಿ ನೀವು?"

ಆಕೆ ಪತ್ರ ಚಾಚಿದಳು. ಓದುತ್ತಾ ಅವನ ಮುಖ ಕಪ್ಪಿಟ್ಟಿತು. ತಿರುಗಿ ದೊಡ್ಡಪ್ಪನನ್ನು ನೋಡಿದ. "ದೊಡ್ಡಪ್ಪಾ, ನಾ ಬರೆದದ್ದು ಇಷ್ಟs ಏನು? ಉಳಿದದ್ದು ಓದಲಿಲ್ಲನು?"

ಗುರುಪುತ್ರಪ್ಪ ಕಪಾಟಿನಿಂದ ಕಾಗದ ತೆಗೆದರು. ಕನ್ನಡಕ ಹಾಕಿಕೊಂಡು ಈ ಸಲ ಗಟ್ಟಿಯಾಗಿ ಓದಿದರು.

"ಯಂತ್ರ ಎಂಟು ತಿಂಗಳಿಂದ ಬಳಕೆಯಲ್ಲಿಲ್ಲ. ಆದರೆ ಅಲ್ಲಿನ ನರ್ಸ್ ಕಾರಣವಿಲ್ಲದೆ ಅಂಜುವವರಲ್ಲ. ಅಷ್ಟು ಸಣ್ಣ ಕೂಸುಗಳನ್ನು ಬರೀ ಕೈಯಲ್ಲಿ ಉಳಿಸಿಕೊಂಡಿದ್ದಾರೆ. ಅವರು ಅಂಜಿದ್ದಾರೆ ಎಂದರೆ ಯಂತ್ರದಲ್ಲೇ ದೋಷ ಇರಬೇಕು. ಉದ್ಯಮಬಾಗಕ್ಕೆ ತಂದು ಬಿಚ್ಚಿ ನೋಡಲು ಅನುಮತಿ ಬೇಕು."

ಗುರುಪುತ್ರಪ್ಪ ಕಾಗದ ಕೆಳಗಿಟ್ಟರು. "ಮೊದಲನೇ ಸಾಲು ಓದಿ ಸಿಟ್ಟಿಗೆದ್ದೆ. ಗುಮಾಸ್ತಗ ಪತ್ರ ಹೇಳಿಬಿಟ್ಟೆ. ತಪ್ಪು ನಂದು, ತಂಗಿ." ಏಪ್ರಿಲ್‌ನಲ್ಲಿ ಕೂಸಿಗೆ ಆದದ್ದನ್ನೂ ಗಂಗಾದೇವಿ ತನ್ನ ಕೈಯದೇ ತಪ್ಪು ಎಂದದ್ದನ್ನೂ ನಾಗಲಿಂಗನಿಗೆ ಹೇಳಿದರು.

ಗಂಗಾದೇವಿ ಈಗ ಕೂತಳು.

ನಾಗಲಿಂಗ ಜೇಬಿನಿಂದ ಬೆಂಕಿಪೆಟ್ಟಿಗೆಯಷ್ಟಿದ್ದ ಒಂದು ಕರಿಯ ಸ್ವಿಚ್ಚು ತೆಗೆದು ಮೇಜಿನ ಮೇಲಿಟ್ಟ.

"ನಿನ್ನೆ ಪೆಟ್ಟಿಗಿ ಬಿಚ್ಚಿದೆ. ಶಾಖ ಒಂದು ಹದ್ದು ದಾಟಿದ್ರ ಕರೆಂಟ್ ಬಂದ್ ಮಾಡೂದು ಈ ಸ್ವಿಚ್ಚು. ಒಳಗ ಕರೆಂಟ್ ಕೂಡಿಸೂ ಎರಡು ಚುಕ್ಕಿ ಸುಟ್ಟು ಒಂದಕ್ಕೊಂದು ಅಂಟಿಬಿಟ್ಟಾವ. ಬಂದ್ ಆಗಾಕ ಸಾಧ್ಯನs ಇರಲಿಲ್ಲ."

"ಆದ್ರ ಗುಂಡಿ ನಾ..."

"ನೀವು ಗುಂಡಿ ಮುರಿಯೂತನಕ ತಿರುವಿದ್ರೂ ಶಾಖ ಆ ಹದ್ದು ದಾಟಬಾರದಿತ್ರಿ. ಗುಂಡಿದು ತಪ್ಪಲ್ಲ. ನಿಮ್ಮದೂ ತಪ್ಪಲ್ಲ." ಅವನು ಉಸಿರೆಳೆದುಕೊಂಡ. "ನಂದು. ಮುಂಬೈಯಿಂದ ತರೂವಾಗ ಮೊದಲಿನ ಸ್ವಿಚ್ಚು ಒಡೆದಿತ್ತು. ಹೊಸದು ಬರಾಕ ಮೂರು ತಿಂಗಳು ಅಂದ್ರು. ಉದ್ಘಾಟನಾ ದಿನ ಗೊತ್ತಾಗಿತ್ತು. ಫೌಂಡ್ರಿಯಾಗಿನ ಸ್ವಿಚ್ಚು ಹಾಕಿಬಿಟ್ಟೆ. ನಡೀತೈತಿ ಅಂದ್ಕೊಂಡೆ. ಯಾರಿಗೂ ಹೇಳಲಿಲ್ಲ."

ಗುರುಪುತ್ರಪ್ಪ ಸ್ವಿಚ್ಚನ್ನು ಎತ್ತಿ ನೋಡಿದರು.

'ನನ್ನ ಕೈಯಲ್ಲ...' ಗಂಗಾದೇವಿ ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಎಂಟು ತಿಂಗಳಿಂದ ಪ್ರತಿ ಕೂಸನ್ನು ಎತ್ತುವಾಗಲೂ ಅವನ್ನು ನಂಬದೆ ಎತ್ತಿದ್ದಳು. ಕಣ್ಣೀರು ಆ ಕೈಗಳ ಮೇಲೇ ಬಿತ್ತು. ತಡೆಯಲು ಹೋಗಲಿಲ್ಲ. ಅಳು ಮುಗಿಯುವ ಹೊತ್ತಿಗೆ ಎದೆ ಎಷ್ಟು ಹಗುರಾಗಿತ್ತೆಂದರೆ, ಒಮ್ಮೆ ಆಳವಾಗಿ ಉಸಿರಾಡಿ ನೋಡಿಕೊಂಡಳು.

ಗುರುಪುತ್ರಪ್ಪ ಗೋಡೆಯ ಫೋಟೊಗಳತ್ತ ನೋಡುತ್ತಿದ್ದರು. "ಯಂತ್ರ ಕೊಟ್ವಿ, ಹಾರ ಹಾಕಿದ್ವಿ, ಫೋಟೊ ತಗಸಿದ್ವಿ. ಬಳಸೂ ಕೈಗಳನ್ನ ಒಮ್ಮೀನೂ ಕೇಳಲಿಲ್ಲ. ಇನ್ನ ಮ್ಯಾಲೆ ಹಂಗ ಆಗೂದಿಲ್ಲ. ಕೊಟ್ಟಲ್ಲೆಲ್ಲಾ ತಿಂಗಳಿಗೊಮ್ಮೆ ಹೋಗಿ ಕೇಳಬೇಕು."

ನಾಗಲಿಂಗ ಆಕೆಯ ಮುಂದೆ ತಲೆ ತಗ್ಗಿಸಿ ನಿಂತಿದ್ದ. "ಆ ಕೂಸು... ಈಗ ಹೆಂಗೈತ್ರಿ? ನಾ ನೋಡಬೇಕು. ನೋಡದs ನನಗ ಅನ್ನ ಹೋಗೂದಿಲ್ಲ."

* * *

ಸಂಗವ್ವನ ಗಂಡ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುವ ಕೆಲಸಗಾರ. ಮಲಪ್ರಭಾ ಹೊಳೆಯ ಕಡೆ ಇಳಿಯುವ ದಾರಿಯಲ್ಲಿ ಅವರ ಮನೆ. ರವಿವಾರ ಬೆಳಿಗ್ಗೆ ಇಬ್ಬರೂ ಅಲ್ಲಿಗೆ ನಡೆದರು.

ಅಂಗಳದಲ್ಲಿ ಗೋಣಿಚೀಲದ ಮೇಲೆ ಹೆಣ್ಣುಕೂಸೊಂದು ಕೂತಿತ್ತು. ಬಂದವರನ್ನು ಕಂಡು ಎರಡು ಹಲ್ಲು ತೋರಿಸಿತು. ನಾಗಲಿಂಗ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ಅದು ಅವನ ಜೇಬಿನ ಪೆನ್ನಿಗೆ ಕೈ ಹಾಕಿತು, ಎಳೆಯಿತು, ಬಾಯಿಗೆ ಇಟ್ಟುಕೊಂಡಿತು. ಅವನು ಬಿಡಿಸಿಕೊಳ್ಳಲಿಲ್ಲ.

"ಗಟ್ಟಿ ಹಿಡದೈತಿ," ಅಂದ. "ನೋಡ್ರಿ, ಎಷ್ಟು ಗಟ್ಟಿ..."

ಮುಖ ಆಚೆ ತಿರುಗಿಸಿದ.

ಸಂಗವ್ವನಿಗೆ ಇಬ್ಬರೂ ಎಲ್ಲವನ್ನೂ ಹೇಳಿದರು. ಆಕೆ ಕೇಳಿಸಿಕೊಂಡಳು. ಸಿಟ್ಟು ಬಂತೋ ಇಲ್ಲವೋ, ಮುಖದಲ್ಲಿ ತಿಳಿಯಲಿಲ್ಲ. ಕೂಸನ್ನು ಎತ್ತಿ ಸೊಂಟಕ್ಕೆ ಏರಿಸಿಕೊಂಡಳು.

"ಏನೋ ಆಗೇತಿ ಅಂತ ನನಗ ಆವತ್ತs ಗೊತ್ತಾಗಿತ್ತು, ಸಿಸ್ಟರ್ ಬಾಯಿ. ನೀವು ಕೂಸಿನ ಹಿಡಕೊಂಡು ಓಡಿದ್ದು ಕಂಡೀನಿ. ಎರಡು ದಿನಾ ನೀವು ಉಣಲಿಲ್ಲ, ಮಲಗಲಿಲ್ಲ, ಅದನ್ನೂ ಕಂಡೀನಿ. ಆಮ್ಯಾಲೆ ಏನು ಕೇಳೂದು?" ನಾಗಲಿಂಗನ ಕಡೆ ತಿರುಗಿದಳು. "ನೀವು ಮಾತ್ರ ಅದನ್ನ ನೆಟ್ಟಗ ಮಾಡಿ ಕೊಡ್ರಿ. ನನ್ನ ತಂಗಿ ಬಸರಿ ಅದಾಳ."

"ಮಾಡಿ ಕೊಡತೀನಿ, ಯವ್ವಾ."

ಮರಳಿ ಬರುವಾಗ ಅವನು ಮಾತಾಡಿದ. ಅಂಟಿದ ಸ್ವಿಚ್ಚು ಕಂಡ ದಿನ ಭಟ್ಟಿಯ ಹಿಂದೆ ಹೋಗಿ ಅತ್ತದ್ದನ್ನೂ ಹೇಳಿದ. ಇದನ್ನು ಬೇರೆ ಯಾರಿಗೂ ಹೇಳಿಲ್ಲ ಎಂದ.

"ನೀವು ಮುಚ್ಚಿಡಬಹುದಿತ್ತು," ಅಂದಳು ಗಂಗಾದೇವಿ. "ನಾ ನನ್ನ ತಪ್ಪು ಅಂತ ಒಪ್ಪಿಕೊಂಡs ಬಂದಿದ್ದೆ. ನೀವು ಸುಮ್ಮನಿದ್ರ ಯಾರಿಗೂ ಗೊತ್ತಾಗತಿರಲಿಲ್ಲ."

"ನೀವು ನಿಂತು ಹೇಳಿದ ಮ್ಯಾಲೆ ನಾ ಹೆಂಗ ಸುಮ್ಮನಿರಲಿ? ನೀವು ಬರದಿದ್ರೂ ಹೇಳಾವನs ಇದ್ದೆ. ಇಷ್ಟು ಧೈರ್ಯದಿಂದ ಅಲ್ಲ, ಅಷ್ಟs."

* * *

ಜನವರಿ ಕೊನೆಗೆ ಪೆಟ್ಟಿಗೆ ಮರಳಿ ಬಂತು. ಒಂದಲ್ಲ, ಎರಡು ಸ್ವಿಚ್ಚು. ಒಂದು ಕೈಕೊಟ್ಟರೆ ಇನ್ನೊಂದು ಬಂದ್ ಮಾಡುತ್ತದೆ, ಜೊತೆಗೊಂದು ಗಂಟೆ ಬಾರಿಸುತ್ತದೆ. ವೋಲ್ಟೇಜು ಏರಿಳಿಯದಂತೆ ಬಾಜೂಕ್ಕೆ ಕಬ್ಬಿಣದ ಇನ್ನೊಂದು ಪೆಟ್ಟಿಗೆ.

"ನೀವು ಹೂಂ ಅನ್ನೂತನಕ ಇದರಾಗ ಕೂಸು ಇಡೂದಿಲ್ಲ," ಅಂದ ನಾಗಲಿಂಗ.

ಬೆಳಿಗ್ಗೆ ಏಳಕ್ಕೆ ನೀರಿನ ಬಾಟಲಿಗಳನ್ನು ಒಳಗಿಟ್ಟು ಶುರುಮಾಡಿದರು. ಸರದಿಯಂತೆ ಪಾದರಸ ನೋಡಿ ಬರೆದರು. ಮಧ್ಯಾಹ್ನ ಗಂಗಾದೇವಿ ಬೇಕೆಂದೇ ಗುಂಡಿಯನ್ನು ಪೂರ್ತಿ ತಿರುವಿದಳು. ಉಸಿರು ಹಿಡಿದು ನಿಂತಳು. ಶಾಖ ಏರಿತು, ಏರಿತು... ಟಕ್ ಎಂದು ನಿಂತಿತು. ಗಂಟೆ ಬಾರಿಸಿತು. ಆಕೆಯ ತುಟಿಯಲ್ಲಿ ತಾನಾಗಿ ನಗು ಬಂತು.

ಸಂಜೆ ಐದರ ಹೊತ್ತಿಗೆ ಪುಸ್ತಕದ ಎರಡು ಪುಟ ತುಂಬಿದ್ದವು. ಪಾದರಸ ಕದಲದೆ ನಿಂತಿತ್ತು. ಗಂಗಾದೇವಿ ತಾನೇ ಹಳೇ ಶಾಲನ್ನು ತೆಗೆದು ಮಡಚಿ ಕಪಾಟಿನಲ್ಲಿಟ್ಟಳು.

"ಹೂಂ," ಅಂದಳು.

ನಾಗಲಿಂಗ ಉಪಕರಣಗಳನ್ನು ಚೀಲಕ್ಕೆ ತುಂಬತೊಡಗಿದ. ತುಂಬಿದ್ದನ್ನೇ ಮತ್ತೆ ಹೊರತೆಗೆದು ತುಂಬಿದ.

"ಗಂಗಾದೇವಿ ಅವರs, ಇನ್ನೊಂದು ಮಾತು ಕೇಳಬೇಕಿತ್ತು. ನೀವು ಬ್ಯಾಡ ಅಂದ್ರೂ ಯಂತ್ರ ನೋಡಾಕ ಬರೂದು ನಾ ಬಿಡೂದಿಲ್ಲ. ಅದು ಬ್ಯಾರೆ, ಇದು ಬ್ಯಾರೆ."

"ಕೇಳ್ರಿ."

"ವೋಲ್ಟೇಜ್ ಬರಕೊಳ್ಳಾಕ ಒಂದು ಗುರುವಾರ ಸಾಕಾಗಿತ್ತು. ಉಳಿದ ಗುರುವಾರ ಎಲ್ಲಾ ನಿಮ್ಮ ಸಲುವಾಗಿ ಬಂದೀನಿ." ಅವನು ಚೀಲ ಕೆಳಗಿಟ್ಟ. "ನನ್ನ ಲಗ್ನ ಆಗತೀರೇನು?"

ಒಳಕೋಣೆಯಲ್ಲಿ ಯಾರದೋ ಕೂಸು ಎದ್ದು ಅತ್ತಿತು, ತಾಯಿ ಸಮಾಧಾನ ಮಾಡಿದಳು. ಗಂಗಾದೇವಿ ಅದು ಸುಮ್ಮನಾಗುವವರೆಗೆ ಕಾದಳು. ಮುಖಕ್ಕೆ ಏರಿದ ಬಿಸಿ ಇಳಿಯಲೆಂದೂ ಕಾದಳು. ಅದು ಇಳಿಯಲಿಲ್ಲ.

"ನಮ್ಮ ಅಪ್ಪಾರು ಇಟಗಿಯೊಳಗ ಇರತಾರ್ರಿ. ರವಿವಾರ ಎಲ್ಲೂ ಹೋಗೂದಿಲ್ಲ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಹೆದರಿಕೆಯಾಯಿತು.

"ದೊಡ್ಡಪ್ಪನ್ನ ಕರಕೊಂಡು ಬರತೀನಿ. ನಿಮ್ಮ ಅಪ್ಪಾರ ಮುಂದ ಏನಂತ ಹೇಳಲಿ?"

"ಎಲ್ಲಾ ಹೇಳ್ರಿ. ಸ್ವಿಚ್ಚಿಂದೂ ಹೇಳ್ರಿ."

"ಅದನ್ನ ಕೇಳಿದ ಮ್ಯಾಲೆ ಮಗಳನ್ನ ಕೊಡತಾರನು?"

ಗಂಗಾದೇವಿ ಮೊದಲ ಬಾರಿಗೆ ಅವನ ಹೆಸರು ಹಿಡಿದು ಕರೆದಳು.

"ನಾಗಲಿಂಗ ಅವರs, ಅದನ್ನ ಕೇಳಿದ ಮ್ಯಾಲೆನs ನಾ ಒಪ್ಪೀನಿ."